ಕಾಂತಪ್ಪಣ್ಣನ ಕಡವೆ ಪಾಲು

ನಾನು ನೀಲಕ್ಕ, ಧಾರವಾಡದ ಲಿಂಗಾಯತರ ಮನೀ ಹೆಣಮಗಳು. ನಮ್ಮ ಮನ್ಯಾಗ ತತ್ತಿ ಸೈತ ಒಳಗ ಬರಂಗಿಲ್ಲ. ಅಂಥಾಕಿ ಒಬ್ಬ ಬ್ಯಾಟಿಗಾರನ ಪರ ವಹಿಸಿ ಮಾತಾಡ್ತಾಳಲ್ಲ ಅಂತ ಪರದೇಶದಾಗ ನಾವಿರೋ ಗಿರಾವೀನ್‌ದಾಗಿನ ನಮ್ಮ ಮಂದಿ ಬೆನ್ನ ಹಿಂದ ನಗ್ತಾರ. ನಗವಲ್ರ್ಯಾಕ, ಹಲ್ಲು ಅವರವು. ನಾನು ಕಂಡದ್ದನ್ನ ಕಂಡಂಗ ಹೇಳಾಕಿ.

ಕಾಂತಪ್ಪಣ್ಣ ನಮ್ಮ ಬಾಜೂ ಮನಿಯವರು. ಉಡುಪಿ ಕಡೆಯವರು, ಮನ್ಯಾಗ ತುಳು. ದವಾಖಾನ್ಯಾಗ ಎಕ್ಸ್-ರೇ ತೆಗಿಯೋ ಕೆಲಸ. ವಾರಪೂರ್ತಿ ಮಂದೀ ಎಲುಬು ನೋಡ್ತಾರ, ರಜಾ ಸಿಕ್ಕಿತಂದ್ರ ಬಂದೂಕು ಹಿಡದು ಅಡವಿಗೆ ಹೊಂಟ್ರು. ಲೈಸೆನ್ಸ್ ಐತಿ, ಬಂದೂಕಿಡಾಕ ಕಬ್ಬಿಣದ ಕಪಾಟೈತಿ, ಪೊಲೀಸರು ಬಂದು ನೋಡಿ ಹೋಗ್ಯಾರ. ಕದ್ದು ಮುಚ್ಚಿ ಮಾಡೋದು ಏನೂ ಇಲ್ಲ. ಹೆಂಡ್ತಿ ರಾಜೀವಿ ನನ್ನ ಗೆಳತಿ. ಒಬ್ಬಾಕಿನ ಮಗಳು ಅಪೇಕ್ಷಾ ನಮ್ಮ ಮನ್ಯಾಗನ ಬೆಳದಾಕಿ. ಸಾಲಿ ಬಿಟ್ಟ ಕೂಡ್ಲೆ ನಮ್ಮ ಅಡಗೀಮನಿ ಕಟ್ಟಿ ಮ್ಯಾಲ ಕುಂತು ರೊಟ್ಟಿ, ಶೇಂಗಾ ಚಟ್ನಿ ತಿಂದು "ನೀಲಾ ಆಂಟಿ, ಒನ್ ಮೋರ್" ಅಂತಿತ್ತು ಆ ಹುಡಿಗಿ.

ಬ್ಯಾಟಿ ಅಂದ್ರ ನನಗ ಮೊದಲ ಹೇಸಿಗಿ. ಆದ್ರ ಕಾಂತಪ್ಪಣ್ಣರ ಮನೆತನದ ಒಂದು ಕಟ್ಟಳಿ ನೋಡಿ ನಾನು ಬಾಯಿ ಮುಚ್ಚಿದೆ. ಬ್ಯಾಟಿ ದಿನ ಆ ಅಡವ್ಯಾಗ ಕಾಲಿಟ್ಟು, ಮಾಂಸ ಕಡಿಯೋದನ್ನ ಕಣ್ಣಾರೆ ಕಂಡವರಿಗೆಲ್ಲ ಒಂದೊಂದು ಪಾಲು ಹೋಗಬೇಕು. ಗೆಳ್ಯಾ ಇರಲಿ, ವೈರಿ ಇರಲಿ, ದಾರಿ ತಪ್ಪಿ ಬಂದಾವ ಇರಲಿ. ಬಂದೂಕು ಹಿಡದವಂಗೂ ಅಷ್ಟ, ಸುಮ್ನ ನಿಂತು ನೋಡಿದವಂಗೂ ಅಷ್ಟ. ತಿನ್ನದವರು ಇದ್ರ ಅವರ ಪಾಲಿಗೆ ಒಂದು ತೆಂಗಿನಕಾಯಿ.

"ಪಾಲು ಹಾಕದಿದ್ರೆ ಅದು ಬೇಟೆ ಅಲ್ಲ ನೀಲಕ್ಕ, ಬರೀ ಕೊಂದದ್ದು," ಅಂತಿದ್ರು. ಅವರ ಅಜ್ಜ ಊರಾಗ ಹಂದಿ ಹೊಡದಾಗ, ಕೋರ್ಟ್‌ನ್ಯಾಗ ತನ್ನ ಮ್ಯಾಲ ದಾವೆ ಹಾಕಿದವನ ಮನಿಗೂ ಪಾಲು ಕಳಿಸಿದ್ರಂತ.

ಅಪೇಕ್ಷಾ ಕಲತು ಇದೇ ದೇಶದ ಮೆಲ್ಬೋರ್ನ್ ಸೇರಿದ್ಳು. ಅಡವಿ ಉಳಿಸೋ ಒಂದು ಸಂಘದಾಗ ನೌಕರಿ. ಅಪ್ಪ ಬ್ಯಾಟಿಗಾರ, ಮಗಳು ಅಡವಿ ಕಾಯಾಕಿ. ಮೊದಮೊದಲು ಇದು ಮನ್ಯಾಗ ಚಾಷ್ಟಿ ಮಾತಾಗಿತ್ತು. ಮಗಳನ್ನ ನೋಡಾಕ ಹ್ವಾದಾಗೆಲ್ಲ ಕಾಂತಪ್ಪಣ್ಣ ಮೆಲ್ಬೋರ್ನ್ ಆಚೆ ಗುಡ್ಡದ ಕಣಿವ್ಯಾಗ ಕಡವೆ ಹೊಡ್ಯಾಕ ಹೋಗ್ತಿದ್ರು. ಅಲ್ಲಿ ಅವರದೊಂದು ಬ್ಯಾಟಿಗಾರರ ಕ್ಲಬ್ ಐತಿ. ಈ ಕಡವೆನೂ ನಮ್ಮ ಕಡೇದ, ಇಂಗ್ಲಿಷ್‌ನವರು ಹಿಂದ ಹಡಗಿನ್ಯಾಗ ತಂದು ಬಿಟ್ಟದ್ದು.

"ಹಂಗಾದ್ರ ಅದೂ ನಿಮ್ಮಂಗ ವಲಸೆ ಬಂದದ್ದು ಅನ್ರಿ," ಅಂತ ನಾನು ಒಮ್ಮೆ ಅಂದೆ.

"ಎಂತ ಮಾತಾಡ್ತೀರಿ ಮಾರಾಯ್ರೆ! ಅದು ಸಸಿ ತಿಂದು ಕಾಡು ಹಾಳು ಮಾಡ್ತದೆ. ನಾನು ಟ್ಯಾಕ್ಸ್ ಕಟ್ತೇನೆ," ಅಂದ್ರು. ಸಿಟ್ಟು ಬಂದಿತ್ತು ಖರೇನ.

ಕಡವೆ ಭಾಳ ಆಗ್ಯಾವ ಅನ್ನೋದ್ರಾಗ ಜಗಳ ಇರಲಿಲ್ಲ. ಎಳೀ ಗಿಡ ಬಿಡಂಗಿಲ್ಲ, ಮರದ ತೊಗಟೆ ಸುಲೀತಾವ, ಹಳ್ಳದ ನೀರು ತುಳದು ರಾಡಿ ಮಾಡ್ತಾವ. ಕ್ಲಬ್ಬಿನವರೇ ಇದನ್ನ ಎಲ್ಲಾರಿಗಿಂತ ಮೊದಲ ಸರಕಾರಕ್ಕ ಹೇಳಿದ್ರು. ಸರಕಾರ ಒಂದು ಸಮಿತಿ ಮಾಡಿತು. ನೋಡ್ತೀರೇನು, ಕುರ್ಚಿ ತುಂಬ ಅಡವಿ ಉಳಿಸೋ ಸಂಘದವರು! ಬ್ಯಾಟಿಗಾರರಿಗೆ ಹೆಸರಿಗೊಂದು ಕುರ್ಚಿ, ಅದೂ ಮೂಲ್ಯಾಗ. ಸಮಿತಿ ಮುಂದಿದ್ದ ಮಾತು ಇಷ್ಟ: ಕಣಿವಿ ಬ್ಯಾಟಿಗಾರರಿಗೆ ಬಂದ್ ಮಾಡೋದು, ಹೆಲಿಕಾಪ್ಟರ್‌ದಾಗ ಕುಂತು ಮ್ಯಾಲಿಂದ ಹೊಡ್ಯೋದು, ಸತ್ತದ್ದನ್ನ ಬಿದ್ದಲ್ಲೇ ಬಿಡೋದು. ಸಂಘದ ಪರವಾಗಿ ಆ ಸಮಿತ್ಯಾಗ ಕುಂತಾಕಿ ನಮ್ಮ ಅಪೇಕ್ಷಾ.

"ಇವರಿಗೆ ಬೇಕಾದ್ದು ಕಡವೆ ಕಡಿಮೆ ಆಗುದಲ್ಲ ನೀಲಕ್ಕ, ನಾವು ಕಡಿಮೆ ಆಗುದು," ಅಂದ್ರು ಕಾಂತಪ್ಪಣ್ಣ. "ನಮ್ಮನ್ನು ಕೇಳಿದ ಹಾಗೆ ಮಾಡ್ತಾರೆ. ತೀರ್ಮಾನ ಮೊದಲೇ ಆಗಿ ಉಂಟು."

ಫೋನ್‌ನ್ಯಾಗ ಅಪೇಕ್ಷಾ ಬಿಡಲಿಲ್ಲ. "ಅಪ್ಪಾ, ನೀವು ವೀಕೆಂಡ್‌ನಲ್ಲಿ ಒಂದು ಹೊಡೀತೀರಿ, ಅಷ್ಟ್ರಲ್ಲಿ ಅಲ್ಲಿ ಇನ್ನಷ್ಟು ಹುಟ್ಟಿರತ್ತೆ. ದಿಸ್ ಈಸ್ ನಾಟ್ ಅಬೌಟ್ ಯು."

"ನನ್ನ ಬಗ್ಗೆ ಅಲ್ಲದಿದ್ರೆ ನನ್ನನ್ನು ಯಾಕೆ ಹೊರಗೆ ಹಾಕುದು ಮಗಾ?" ಅಂತ ಕೇಳಿ ಫೋನ್ ರಾಜೀವಿ ಕೈಗೆ ಕೊಟ್ರು.

ಜೂನ್ ತಿಂಗಳ ಲಾಂಗ್ ವೀಕೆಂಡ್‌ಗೆ ಸಮಿತಿಯವರು ಕಣಿವಿ ನೋಡಾಕ ಬರೋರಿದ್ರು, ಮರುದಿನ ಮೆಲ್ಬೋರ್ನ್‌ದಾಗ ಸಭೆ. ಮಂದಿ ಎದ್ದು ತಮ್ಮ ಮಾತು ಹೇಳಬಹುದು. ಕಾಂತಪ್ಪಣ್ಣ ಹೆಸರು ಕೊಟ್ಟಿದ್ರು. ಅಪ್ಪ ಮಗಳು ಎದುರಾಬದುರಾ ಕುಂದ್ರತಾರಂದ್ರ ರಾಜೀವಿಗೆ ಎದಿ ಧಸಕ್ ಅಂದಿತ್ತು. "ನೀವು ಬನ್ನಿ ನೀಲಕ್ಕ, ನೀವಿದ್ರೆ ಅವಳು ಸ್ವಲ್ಪ ತಡೀತಾಳೆ," ಅಂದ್ಳು. ಮೂರೂ ಮಂದಿ ಕಾರಿನ್ಯಾಗ ಹೊಂಟ್ವಿ.

ಇಲ್ಲಿ ಜೂನ್ ಅಂದ್ರ ಚಳಿಗಾಲ, ಕಣಿವ್ಯಾಗ ಚಳಿ ಅಂದ್ರ ಚಳಿ. ನಾನೂ ರಾಜೀವಿ ಗಾಡಿ ನಿಲ್ಲಸೋ ಜಾಗದಾಗ ಚಾ ಕುಡಕೊಂತ, ಚಕ್ಕುಲಿ ಕಡಕೊಂತ ಕುಂತಿದ್ವಿ. ಬೆಳಕು ಹರದ ಮ್ಯಾಲ ಕಾಂತಪ್ಪಣ್ಣ ಮತ್ತ ಕ್ಲಬ್ಬಿನ ಗೆಳ್ಯಾರು ಬೆನ್ನಿಗೆ ಮಾಂಸ ಹೊತಗೊಂಡು ಗುಡ್ಡ ಇಳದು ಬಂದ್ರು. ಕಾರಿನ ಹಿಂದ ತಾಡಪತ್ರಿ ಹಾಸಿ ಕಡಿಯಾಕ ಕುಂತಾರ, ಅಷ್ಟರಾಗ ಸಮಿತಿಯವರ ವ್ಯಾನ್ ಬಂತು. ಎಲ್ಲಾರೂ ಹೊಳಿಯೋ ಅಂಗಿ ತೊಟ್ಟಾರ. ಒಂದಿಬ್ಬರು ತಾಡಪತ್ರಿ ನೋಡಿ ಮುಖ ಹಿಂಡಿದ್ರು. ಒಬ್ಬ ಹುಡುಗ ಕೇಳದನ "ಆಯಾಮ್ ವೀಗನ್" ಅಂದ. ಅಪೇಕ್ಷಾನೂ ಇಳದ್ಳು. ಅಪ್ಪನ್ನ ನೋಡಿದ್ಳು, ನನ್ನನ್ನೂ ನೋಡಿದ್ಳು, ಆಮ್ಯಾಲ ಗುರುತ ಇಲ್ಲದವರಂಗ ಗಿಡ ನೋಡ್ಕೊಂತ ನಿಂತ್ಳು.

ಯವ್ವಾ! ನನ್ನ ಕಟ್ಟಿ ಮ್ಯಾಲ ಕುಂತು ರೊಟ್ಟಿ ತಿಂದಾಕಿ!

ಕಾಂತಪ್ಪಣ್ಣ ಮಾತ್ರ ಚೂರಿ ತುದಿಯಿಂದ ಒಬ್ಬೊಬ್ಬರನ್ನ ತೋರಿಸಿ ತಲಿ ಎಣಿಸಾಕತ್ತಿದ್ರು. ರಾಜೀವಿ ನನ್ನ ಮೊಣಕೈ ಹಿಡದ್ಳು. "ಅಯ್ಯೋ ದೇವರೆ, ಇವರಿಗೂ ಪಾಲು ಹಾಕ್ತಾ ಇದ್ದಾರೆ!"

ಹೌದು, ಹಾಕಿದ್ರು. ಒಂದೊಂದು ಡಬ್ಬಿ, ಒಂದೊಂದರ ಮ್ಯಾಲೂ ಹೆಸರು. ನನ್ನ ಪಾಲಿಗೆ ಕಾಯಿ, ಆ ವೀಗನ್ ಹುಡುಗನ ಪಾಲಿಗೂ ಒಂದು ಕಾಯಿ. ರಾಜೀವಿ ಬ್ಯಾಡ ಅಂದ್ಳು, ನಾನೂ ಬ್ಯಾಡ ಅಂದೆ. "ಸಭೆ ಬೇರೆ, ಪಾಲು ಬೇರೆ," ಅಂದ್ರು. "ನನ್ನ ವಿರುದ್ಧ ಇದ್ದಾರೆ ಅಂತ ಪಾಲು ತಪ್ಪಿಸಿದ್ರೆ ಅಜ್ಜ ಎದ್ದು ಬಂದು ಕಪಾಳಕ್ಕೆ ಹೊಡೀತಾರೆ."

ಮರುದಿನ ಸಭ್ಯಾಗ ಅವರ ಪಾಳಿ ಬಂತು. ಮಾತಾಡೋದು ಬಿಟ್ಟು ಮೊದಲ ಎಸ್ಕಿ ಮುಚ್ಚಳ ತೆಗದ್ರು, ಐಸಿನ ಪೆಟ್ಟಿಗಿಗೆ ಇಲ್ಲಿ ಎಸ್ಕಿ ಅಂತಾರ. ಒಬ್ಬೊಬ್ಬರ ಮುಂದ ಹೋಗಿ ಡಬ್ಬಿ ಇಟ್ರು. "ನಿನ್ನೆ ನೀವೆಲ್ಲ ಅಲ್ಲಿದ್ರಿ. ಇದು ನಿಮ್ಮ ಪಾಲು," ಅಂದ್ರು ಇಂಗ್ಲಿಷಿನ್ಯಾಗ. ಮಗಳ ಮುಂದೂ ಒಂದು ಇಟ್ರು. ಅಕಿ ಮುಖ ಕೆಂಪಡರಿತು.

ಸಮಿತಿ ಅಧ್ಯಕ್ಷಿ ಚಷ್ಮಾ ತೆಗದು ಕೆಳಗಿಟ್ಳು. ತೀರ್ಮಾನದಾಗ ಲಾಭ ಇದ್ದವರಿಂದ ಸಮಿತಿ ಕಾಣಿಕೆ ತಗೊಳ್ಳಂಗಿಲ್ಲ, ಇದನ್ನ ಆಮಿಷ ಅಂತ ಬರಕೋಬೇಕಾಗ್ತೈತಿ, ನಿಮ್ಮ ಮಾತು ಕೇಳಾಕ ಬರಂಗಿಲ್ಲ, ಅಂದ್ಳು.

"ಕಾಣಿಕೆ ಅಲ್ಲ ಮೇಡಂ, ಪಾಲು. ಇದನ್ನು ನಾನು ಕೊಡುದಲ್ಲ, ಇದು ನಿಮ್ಮದೇ."

ಯಾರಿಗೆ ತಿಳೀಬೇಕು? ಇಬ್ಬರು ಬಂದು ಎಲ್ಲಾ ಡಬ್ಬಿ ಎತ್ತಿ ಎಸ್ಕಿಗೆ ಹಾಕಿದ್ರು, ಆ ಕಾಯಿನೂ ಹಾಕಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ. ಎದ್ದು ನಿಂತು ಅಪ್ಪಟ ಧಾರವಾಡ ಕನ್ನಡದಾಗ ಒದರಿದೆ: "ಕಾಯಿ ಏನ್ ಪಾಪ ಮಾಡಿತ್ರೀ ನಿಮಗ?" ಇಡೀ ಸಭ್ಯಾಗ ಅದು ತಿಳದದ್ದು ನಮ್ಮ ಮೂವರನ್ನ ಬಿಟ್ರ ಅಪೇಕ್ಷಾಗ ಒಬ್ಬಾಕಿಗೆ. ಅಕಿ ತಲಿ ಎತ್ತಲಿಲ್ಲ.

ಹೊರಗ ಕ್ಲಬ್ಬಿನವರೂ ಮ್ಯಾಲೆ ಬಿದ್ರು. ನಮಗ ಇದ್ದದ್ದು ಒಂದು ಅವಕಾಶ, ನಿನ್ನ ಮಾಂಸದ ಡಬ್ಬಿಯಿಂದ ಎಲ್ಲಾ ಮಣ್ಣಪಾಲಾತು ಅಂತ ಬೈದ್ರು. ಅವರದೇನೂ ತಪ್ಪಲ್ಲ. ಎಸ್ಕಿ ತಂದು ಕಾರಿಗೆ ಇಟ್ಟಾಕಿ ಅಪೇಕ್ಷಾ.

"ಅಪ್ಪಾ, ನನ್ನ ಮರ್ಯಾದೆ ತೆಗೆದ್ರಿ. ಎಲ್ಲರ ಮುಂದೆ!"

"ನಿನ್ನೆ ನೀನು ನನ್ನ ಗುರ್ತ ಇಲ್ಲ ಅಂತ ನಿಂತದ್ದು ಯಾರ ಮುಂದೆ ಮಗಾ?" ಕಾಂತಪ್ಪಣ್ಣರ ದನಿ ಏರಲಿಲ್ಲ. "ಪಾಲು ಬೇಡ ಅಂದವರು ತಾವು ಆ ಕಾಡಿನಲ್ಲಿ ಇರ್ಲೇ ಇಲ್ಲ ಅಂತ ಹೇಳಿದ ಹಾಗೆ. ನೀನು ಇದ್ದಿ, ನಾನು ನೋಡಿದ್ದೇನೆ. ಇದನ್ನು ನಾನು ತಿನ್ನುದಿಲ್ಲ, ಬೇರೆಯವರಿಗೆ ಕೊಡುದೂ ಇಲ್ಲ. ನಿನ್ನ ಹೆಸರಲ್ಲಿ ಇರ್ತದೆ."

ಅಕಿ ಹೊಳ್ಳಿ ನೋಡದ ಹ್ವಾದ್ಳು. ದಾರಿಪೂರ್ತಿ ರಾಜೀವಿ ಅಳಕೊಂತ ಬಂದ್ಳು.

ಕಣಿವಿ ಬಂದ್ ಆತು. ಹೆಲಿಕಾಪ್ಟರ್ ಬಂದ್ವು. ಅಪ್ಪ ಮಗಳ ನಡುವ ಫೋನೂ ಬಂದ್. ಗಿರಾವೀನ್‌ದಾಗ ಕಾಂತಪ್ಪಣ್ಣರ ಗ್ಯಾರೇಜಿನ ಫ್ರೀಜರ್‌ದಾಗ ಹೆಸರು ಬರದ ಡಬ್ಬಿಗಳು ಹಂಗ ಕುಂತ್ವು. ರಾಜೀವಿ ಮೀನು ಇಡಾಕ ಜಾಗ ಇಲ್ಲ ಅಂತ ಒದರಿದ್ಳು. ಬಳಗದವರು, ತಪ್ಪಾತು ಅಂತ ಮಗಳಿಗೆ ಒಂದು ಮಾತು ಹೇಳಿಬಿಡ್ರಿ, ಏನು ಗಂಟು ಹೋಗ್ತೈತಿ ಅಂದ್ರು. "ಪಾಲು ಕೊಟ್ಟದ್ದಕ್ಕೆ ತಪ್ಪಾಯ್ತು ಅಂತ ಹೇಳ್ಬೇಕಾ? ಸಾಯುವವರೆಗೂ ಹೇಳುದಿಲ್ಲ," ಅಂದ್ರು. ಅಂದ್ರು ಖರೇ, ಆದ್ರ ಮಗಳ ಹೆಸರಿನ ಡಬ್ಬಿ ಮ್ಯಾಲಿನ ಬರ್ಫು ಆಗಾಗ ಒರಸೋದನ್ನ ನಾನು ಕಂಡೀನಿ.

ಚಳಿಗಾಲ ಕಳದ ಮ್ಯಾಲ ಒಂದು ಶನಿವಾರ ಮಧ್ಯಾಹ್ನ ಅಪೇಕ್ಷಾ ಹೇಳದ ಕೇಳದ ಬಂದು ನಿಂತ್ಳು. ನಾನು ಅಲ್ಲೇ ಇದ್ದೆ. ಸೀದಾ ಗ್ಯಾರೇಜಿಗೆ ಹೋಗಿ ಫ್ರೀಜರ್ ತೆಗದ್ಳು. "ನಂದು ಎಲ್ಲಿ?"

ಅಕಿನ್ನ ಕುಂದ್ರಿಸಿ ನೀರು ಕೊಟ್ಟೆ. ಹೆಲಿಕಾಪ್ಟರ್ ಹ್ವಾದ ಮ್ಯಾಲ ಹಳ್ಳದ ನೀರು ತಪಾಸ ಮಾಡಾಕ ಅಕಿನ್ನ ಕಳಿಸಿದ್ರಂತ. "ಆಂಟಿ, ಸತ್ತ ಕಡವೆಗಳು ಹಳ್ಳದಲ್ಲೇ ಬಿದ್ದಿದ್ವು. ಒಂದರ ಪಕ್ಕ ಒಂದು. ಯಾರೂ ಮುಟ್ಟಿಲ್ಲ. ನೀರು ಕುಡಿಯೋಕೆ ಬಂದಿದ್ದ ನರಿ ಮರಿಗಳು ಅವುಗಳ ಹೊಟ್ಟೆಯೊಳಗೆ... ಸ್ನಾನ ಮಾಡಿದ್ರೂ ಕೂದಲಿಂದ ವಾಸನೆ ಹೋಗ್ತಿಲ್ಲ. ಸಂಘದಲ್ಲಿ ಕೇಳಿದೆ. ಮಣ್ಣಿಗೆ ಗೊಬ್ಬರ ಆಗತ್ತೆ ಬಿಡು ಅಂದ್ರು." ನೀರಿನ ಲೋಟ ಕೆಳಗಿಟ್ಟು, "ಸಸಿಗಳು ಚಿಗುರಿವೆ. ಅದು ಸುಳ್ಳಲ್ಲ," ಅಂದ್ಳು. ಅಪ್ಪನ ಮಗಳು, ಕಂಡದ್ದನ್ನ ಬಿಟ್ಟುಕೊಡಾಕಿ ಅಲ್ಲ.

ರಾಜೀವಿ ಆ ಡಬ್ಬಿ ಮಾಂಸ ತಗೊಂಡು ಓಡಿ ಹೋಗಿ ಸುಕ್ಕ ಮಾಡಾಕ ನಿಂತ್ಳು. ಕಾಂತಪ್ಪಣ್ಣ ಮಾತ್ರ ಬಾಗಲದಾಗ ನಿಂತಿದ್ರು, ಕಣ್ಣಾಗ ನೀರು ತುಂಬಿತ್ತು, ಬಾಯಿ ಬಿರುಸ.

"ತಿನ್ನುದಾದ್ರೆ ತಿನ್ನು. ಆದ್ರೆ ಇದನ್ನು ಇಲ್ಲಿ ತಿಂದು, ಅಲ್ಲಿ ಸಮಿತಿಯಲ್ಲಿ ತಿನ್ಲಿಲ್ಲ ಅಂತ ಕೂತ್ಕೊಳ್ಳುವ ಹಾಗಿಲ್ಲ."

"ಗೊತ್ತು ಅಪ್ಪಾ," ಅಂದ್ಳು. ತಾಟು ಬಳದು ತಿಂದ್ಳು. ನಾನು ಬಾಜೂಕ ಕುಂತು ಅನ್ನ ಸಾರು ಉಂಡೆ.

ಮುಂದಿನ ಸಮಿತಿ ಸಭೆ ಆನ್‌ಲೈನ್ ತೋರಿಸಿದ್ರು. ಕಾಂತಪ್ಪಣ್ಣರ ಮನಿ ಟೀವಿ ಮುಂದ ನಾವು ಮೂವರೂ ಕುಂತಿದ್ವಿ. ಅವತ್ತಿನ ವಿಷಯ, ಬಾಜೂ ಕಣಿವಿನೂ ಬ್ಯಾಟಿಗಾರರಿಗೆ ಬಂದ್ ಮಾಡಬೇಕೋ ಬ್ಯಾಡೋ ಅಂತ. ಮೊದಲ ಅಧ್ಯಕ್ಷಿ ಪ್ರತೀ ಸಲದಂಗ ಕೇಳಿದ್ಳು: ಯಾರರೆ ಏನರೆ ಕಾಣಿಕೆ ತಗೊಂಡಿದ್ರ ಹೇಳ್ರಿ. ಎಲ್ಲಾರೂ ತಲಿ ಅಲ್ಲಾಡಿಸಿದ್ರು. ಅಪೇಕ್ಷಾ ಕೈ ಎತ್ತಿದ್ಳು.

"ಆ ದಿನ ನಾನು ಕಣಿವೆಯಲ್ಲಿದ್ದೆ," ಅಂದ್ಳು ಇಂಗ್ಲಿಷಿನ್ಯಾಗ, ನಿಧಾನಕ. "ನನ್ನ ತಂದೆ ಹೊಡೆದ ಕಡವೆಯಲ್ಲಿ ನನಗೊಂದು ಪಾಲು ಇತ್ತು. ತಿಂದಿದ್ದೇನೆ. ಅದು ಕಾಣಿಕೆ ಅಲ್ಲ, ಹಿಂದಿರುಗಿಸುವುದಿಲ್ಲ."

ಹಂಗಾದ್ರ ಈ ವಿಷಯದಾಗ ನೀನು ಕುಂದ್ರಾಕ ಬರಂಗಿಲ್ಲ, ಹೊರಗ ಹೋಗಬೇಕು, ಅಂದ್ಳು ಅಧ್ಯಕ್ಷಿ.

"ಹೋಗ್ತೇನೆ. ನಾನು ಒಂದು ಡಬ್ಬಿಯ ಲೆಕ್ಕ ಕೊಟ್ಟಿದ್ದೇನೆ. ಹಳ್ಳದಲ್ಲಿ ಕೊಳೆತವು ಯಾರ ಪಾಲು ಅಂತ ನೀವು ಹೇಳಿ." ಕುರ್ಚಿ ಹಿಂದ ಸರಿಸಿ ಎದ್ಳು. ಅಂಗಿ ಮ್ಯಾಲಿದ್ದ ಸಂಘದ ಬಿಲ್ಲೆ ಬಿಚ್ಚಿ ಮೇಜಿನ ಮ್ಯಾಲ ಇಟ್ಟು ನಡದ್ಳು.

ರಾಜೀವಿ, "ಅಯ್ಯೋ, ಕೆಲಸ ಹೋಯ್ತಲ್ಲ ಇವಳದ್ದು," ಅಂತ ಹಣಿ ಬಡಕೊಂಡ್ಳು. ನಾನು ಮಾತ್ರ ಟೀವಿಗೇ ಸೀಟಿ ಹೊಡದೆ, ಈ ವಯಸ್ಸಿನ್ಯಾಗ.

ಕಾಂತಪ್ಪಣ್ಣ ಎದ್ದು ಗ್ಯಾರೇಜಿಗೆ ಹ್ವಾದ್ರು. ಹಿಂದ ಹೋಗಿ ನೋಡಿದೆ. ಫ್ರೀಜರ್ ಮುಂದ ನಿಂತು ಕಣ್ಣು ಒರಸ್ಕೊಳ್ಳಾಕತ್ತಿದ್ರು. ಒಳಗ ಅಧ್ಯಕ್ಷೀದು, ಉಳಿದ ಸಮಿತಿಯವರದು, ಎಲ್ಲಾ ಡಬ್ಬಿ ಸಾಲಾಗಿ ಇದ್ವು. ಮಗಳ ಡಬ್ಬಿ ಇದ್ದ ಜಾಗ ಮಾತ್ರ ಖಾಲಿ ಇತ್ತು.

"ಇನ್ನರೆ ಇವನ್ನ ತೆಗದು ಒಗೀರಿ ಕಾಂತಪ್ಪಣ್ಣ," ಅಂದೆ. "ಮಗಳು ಬಂದ್ಳಲ್ಲ, ಇನ್ನೇನು ಬೇಕು?"

"ಇಲ್ಲ ನೀಲಕ್ಕ," ಅಂತ ಮುಚ್ಚಳ ಹಾಕಿದ್ರು. "ಇವರೂ ಅವತ್ತು ಅಲ್ಲಿದ್ರು. ಬಂದು ಕೇಳ್ಲಿ."