ಒಡಕು ಹಂಚಿನ ಸೂರ್ಯ

ಶಾಲೆಯ ಛಾವಣಿ ಏರಿದ್ದ ಅಪ್ಪ ಒಡೆದ ಹಂಚು ತೆಗೆದು ಹೊಸದನ್ನು ಕೂಡಿಸಿದ್ದೇ ತಡ, ನೆಲದ ಮೇಲಿದ್ದ ಬಿಸಿಲಿನ ಬಿಲ್ಲೆ ಮಾಯವಾಯಿತು. ನಮ್ಮ ಇಡೀ ಮೂರನೇ ಇಯತ್ತೆ ಒಮ್ಮೆಲೇ ಕಿರುಚಿತು.

ಅರವತ್ತರ ದಶಕದ ಮಾತು. ಗಡಹಿಂಗ್ಲಜ ಹತ್ತಿರದ ನಮ್ಮೂರ ಕನ್ನಡ ಶಾಲೆಯಲ್ಲಿ ಶನಿವಾರ ಮುಂಜಾನೆ ನಾವು ಹುಡುಗಿಯರು ಸಗಣಿಯಿಂದ ನೆಲ ಸಾರಿಸುತ್ತಿದ್ದೆವು. ಆ ಒಡಕು ಹಂಚಿನ ಕೆಳಗಿನ ಜಾಗವನ್ನು ಮಾತ್ರ ಮುಟ್ಟುವಂತಿರಲಿಲ್ಲ. ಪ್ರತಿ ಶನಿವಾರ ನಡುವಿನ ಬಿಡುವಿನ, ಅಂದರೆ ಸಣ್ಣ ಸೂಟಿಯ, ಗಂಟೆ ಹೊಡೆದಾಗ ಬಿಸಿಲು ಎಲ್ಲಿ ಬಿದ್ದಿದೆಯೋ ಅಲ್ಲಿ ಮಾಸ್ತರರು ನಮ್ಮಿಂದ ಸುಣ್ಣದ ಸುತ್ತು ಬರೆಸುತ್ತಿದ್ದರು. ದೀಪಾವಳಿಯಿಂದ ಗೋಡೆಯತ್ತ ಸಾಗಿದ್ದ ಸುತ್ತುಗಳು ಸಂಕ್ರಾಂತಿ ಕಳೆದ ಮೇಲೆ ಬಾಗಿಲತ್ತ ಮರಳುತ್ತಿದ್ದವು.

ಅಪ್ಪ ಗಾಬರಿಯಿಂದ ಇಳಿದು ಬಂದ. "ಏನಾತ್ರಿ ಮಾಸ್ತರ? ಮಳಿಗಾಲದಾಗ ಹುಡುಗ್ರು ತೋಯಬಾರ್ದಂತ ಹಂಚು ಹಾಕೇನ್ರಿ."

ಮಾಸ್ತರರು ನೆಲ ತೋರಿಸಿದರು. "ನೋಡ್ರಿ, ಸೂರ್ಯ ದಕ್ಷಿಣಕ್ಕ ಹೋಗಿ ಹೊಳ್ಳಿ ಬರಾಕತ್ತಾನ. ಅವನ ಹಾದಿ ನಿಮ್ಮ ಮಗಳು, ಈ ಹುಡುಗ್ರು ಬರದಾರ."

ಅಪ್ಪ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸುತ್ತು ನೋಡುತ್ತ ಹೋದ. "ಹುಟ್ಟಿದಾಗಿಂದ ಸಂಕ್ರಾಂತಿ ಮಾಡೇನ್ರಿ, ಅಂವ ಹೊಳ್ಳೂದು ಕಂಡಿದ್ದಿಲ್ಲ" ಎಂದು ಮೆಲ್ಲಗೆ ನುಡಿದು, ಕೊನೆಯ ಸುತ್ತನ್ನು ಮುಟ್ಟಿ ಬೆರಳನ್ನು ಹಣೆಗೆ ಒತ್ತಿಕೊಂಡ. ಮತ್ತೆ ಏಣಿ ಹತ್ತಿ, ಹೊಸ ಹಂಚು ತೆಗೆದು, ಒಡಕನ್ನೇ ಕೂಡಿಸಿದ. ಬಿಸಿಲಿನ ಬಿಲ್ಲೆ ನಮ್ಮ ನಡುವೆ ಬಂದು ಕೂತಿತು.

ಮಳೆಗಾಲಕ್ಕೆ ಅಪ್ಪನೇ ಮನೆಯಿಂದ ಬೋಗುಣಿ ತಂದು ಆ ಒಡಕು ಹಂಚಿನ ಕೆಳಗಿಟ್ಟ. ಇಂದಿಗೂ ಸಂಕ್ರಾಂತಿ ಬಂದರೆ, ಅವನ ವಿಭೂತಿಯ ಮೇಲೆ ಹತ್ತಿದ್ದ ಆ ಸುಣ್ಣವೇ ನನ್ನ ಕಣ್ಣಿಗೆ ಕಟ್ಟುತ್ತದೆ.