ಮುಂದಿನ ಸೀಟಿನ ಜೋಳ

ಕೆಲವು ತಿಂಗಳ ಕಾಲ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ, ಬೆಲ್ಟು ಕಟ್ಟಿಕೊಂಡು ಠೀವಿಯಿಂದ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಓಡಾಡಿದ್ದು ಅರ್ಧ ಚೀಲ ಬಿಳಿಜೋಳ. ನಮ್ಮ ಯಜಮಾನರು ಹಿಂದಿನ ಸೀಟಿನಲ್ಲಿದ್ದರು. ಇದನ್ನು ನೋಡಿದ ಊರವರು ಏನೇನು ಅಂದುಕೊಂಡರು ಎಂಬುದು ನನ್ನ ಕಿವಿಗೂ ಬಿದ್ದಿದೆ. ಗಂಡ ಹೆಂಡಿರ ನಡುವೆ ಮಾತು ಬಿಟ್ಟಿದೆ ಎಂದು ಕೆಲವರು ತೀರ್ಮಾನಿಸಿದರು. ಜೋಳದ ರೇಟು ಆ ಮಟ್ಟಕ್ಕೆ ಏರಿರಬೇಕು ಎಂದರು ಇನ್ನು ಕೆಲವರು. ನಿಜ ಸಂಗತಿ ಹೇಳಹೊರಟರೆ ಪೂರ್ತಿ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ನಿಮಗಿದೆ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ಕಾರು ನನ್ನದು. ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ನಮ್ಮವರಿಗೆ ಅದೇ ಊರಿನ ಮಾರುಕಟ್ಟೆಯಲ್ಲಿ ರೈತರ ತೊಗರಿ, ಜೋಳ ಮಾರಿಸಿಕೊಡುವ ಅಡತಿ ಅಂಗಡಿ. ಮನೆ ಮಾತ್ರ ಬಸವಕಲ್ಯಾಣದಲ್ಲಿ. ದಿನಾ ಬೆಳಗ್ಗೆ ಇಬ್ಬರೂ ಕೂಡಿಯೇ ಹೊರಡುತ್ತೇವೆ. ಕಾರು ನಡೆಸುವುದು ನಾನು. ಹೇಗೆ ನಡೆಸಬೇಕೆಂದು ಹೇಳುವುದು ಅವರು. ಅವರಿಗೆ ಡ್ರೈವಿಂಗ್ ಬರುವುದಿಲ್ಲ, ಆದ್ದರಿಂದ ಆ ವಿಷಯದಲ್ಲಿ ಅವರ ಅಭಿಪ್ರಾಯಗಳು ಬಹಳ ಖಚಿತ. ಎದುರಿಗೆ ಲಾರಿ ಕಂಡರೆ ನನಗಿಂತ ಮೊದಲು ಅವರ ಬಲಗಾಲು ಬ್ರೇಕು ಒತ್ತುತ್ತದೆ. ಅಲ್ಲಿ ಬ್ರೇಕಿಲ್ಲ, ಬರೀ ರಬ್ಬರಿನ ಮ್ಯಾಟು. ಅದು ಒಂದೇ ಜಾಗದಲ್ಲಿ ಸವೆದು ತೂತು ಬೀಳುವ ಹಾಗಾಗಿದೆ.

ಹೀಗಿರುವಾಗ ಒಂದು ದಿನ ಕಲಬುರಗಿಯ ಸರ್ವಿಸ್ ಸೆಂಟರಿನಿಂದ ಫೋನು ಬಂತು. ಹುಡುಗಿಯೊಬ್ಬಳ ದನಿ, ಬಲು ನಯ.

"ಮೇಡಂ, ನಿಮ್ಮ ಗಾಡಿದು ಎಡಬಾಜೂ ಏರ್‌ಬ್ಯಾಗ್ ಬದಲಿ ಮಾಡಬೇಕ್ರಿ. ಕಂಪನಿಯವ್ರೇ ಪುಕಟ ಮಾಡಿಕೊಡ್ತಾರ್ರಿ."

"ನಾಳಿಗೇ ತರ್ತೇನ್ರಿ."

"ನಾಳಿಗಿ ಬ್ಯಾಡ್ರಿ. ಪಾರ್ಟ್ ಇನ್ನಾ ಬಂದಿಲ್ರಿ. ಬಂದ ಮ್ಯಾಲ ನಾವೇ ಫೋನ್ ಮಾಡ್ತೀವ್ರಿ. ಅಲ್ಲೀತನಕ ಆ ಸೀಟಿನ್ಯಾಗ ಯಾರ್ನೂ ಕೂಡಸಬ್ಯಾಡ್ರಿ."

ಯಾಕೆ ಎಂದು ಕೇಳಿದ್ದಕ್ಕೆ ಆಕೆ ಬಿಡಿಸಿ ಹೇಳಿದಳು. ಡಿಕ್ಕಿಯಾದಾಗ ಚೀಲ ಉಬ್ಬಲಿ ಎಂದು ಒಳಗೊಂದು ಡಬ್ಬಿಯಲ್ಲಿ ಮದ್ದು ಇಟ್ಟಿರುತ್ತಾರಂತೆ. ವರ್ಷಗಳು ಕಳೆದಂತೆ ಆ ಮದ್ದಿಗೆ ತೇವ ಹಿಡಿದು, ಉಬ್ಬುವುದರ ಬದಲು ಸಿಡಿದು, ಡಬ್ಬಿಯ ತಗಡು ಚೂರಾಗಿ ಮುಖಕ್ಕೆ ಬರಬಹುದಂತೆ. ಜೀವ ಉಳಿಸಲೆಂದು ಇಟ್ಟ ಚೀಲದಿಂದಲೇ ಜೀವ ಉಳಿಸಿಕೊಳ್ಳಬೇಕಾದ ಈ ಸ್ಥಿತಿಯ ಬಗ್ಗೆ ಬೇರೆ ದಿನವಾಗಿದ್ದರೆ ನಾನು ತತ್ವಜ್ಞಾನ ಹೇಳುತ್ತಿದ್ದೆ. ಆ ದಿನ ಹೊಳೆದದ್ದು ಒಂದೇ: ಆ ಸೀಟಿನಲ್ಲಿ ಕೂಡುವವರು ಈ ಲೋಕದಲ್ಲಿ ಒಬ್ಬರೇ.

ಆ ಒಬ್ಬರಿಗೆ ಹೇಳಿದೆ. ಅವರು ವ್ಯಾಪಾರಿಯ ಕಿವಿಯಿಂದ ಕೇಳಿದರು.

"ಅಂದ್ರ ಮಾಲು ತಂಪು ಹಿಡದಾದ ಅನ್ನು."

"ಹೌದ್ರಿ, ಹಂಗೇ ತಿಳಕೋರಿ. ಹಿಂದ ಕೂಡ್ರಿ."

"ಹುಚ್ಚಿ, ನಮ್ಮ ಬೀದರ ಜಿಲ್ಲಾದ ಬಿಸಿಲಿಗೆ ತೊಗರಿನೇ ಕಟಕಟ ಒಣಗತಾವ. ತಂಪು ಎಲ್ಲಿಂದ ಬರಬೇಕು?" ಎಂದು ನಕ್ಕು, ಎಂದಿನಂತೆ ಮುಂದೆಯೇ ಕೂತರು.

ಇಲ್ಲಿ ನಮ್ಮ ಕಡೆಯ ಮುಂದಿನ ಸೀಟಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವು ನಮ್ಮವರನ್ನು ಬರೀ ಹಟಮಾರಿ ಎಂದುಕೊಂಡೀರಿ. ಕಾರಿನಲ್ಲಿ ಮುಂದೆ ಕೂಡುವುದು ನಮ್ಮಲ್ಲಿ ಅನುಕೂಲದ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಬೀಗರು ಬಂದರೆ ಮುಂದೆ, ಅಳಿಯ ಬಂದರೆ ಮುಂದೆ, ಸ್ವಾಮಿಗಳು ಬಂದರಂತೂ ಸೀಟಿಗೆ ಹೊಸ ಟವೆಲ್ಲು. ಬೀಗರು, ಅಳಿಯ ಇಬ್ಬರೂ ಒಟ್ಟಿಗೆ ಬಂದರೆ ಬಾಗಿಲು ತೆಗೆದಿಟ್ಟುಕೊಂಡು "ನೀವು ಬರ್ರಿ, ನೀವು ಬರ್ರಿ" ಎನ್ನುವಷ್ಟರಲ್ಲಿ ಅರ್ಧ ಹಾದಿ ಸವೆಸಬಹುದು. ಆದರೆ ಇದು ಸನಾತನ ಪದ್ಧತಿಯೇನಲ್ಲ. ಆನೆಯ ಮೇಲೆ ರಾಜ ಹಿಂದೆ, ಮಾವುತ ಮುಂದೆ. ಬಂಡಿಯಲ್ಲಿ ಗೌಡರು ಹಿಂದೆ ಗಾದಿಯ ಮೇಲೆ, ಹೊಡೆಯುವವನು ಮುಂದೆ ನೊಗದ ಹತ್ತಿರ. ಮುಂದೆ ಕೂತವನಿಗೆ ಸಿಗುತ್ತಿದ್ದುದು ಎತ್ತಿನ ಬಾಲದ ಪೆಟ್ಟು ಮಾತ್ರ. ನಮ್ಮೂರ ಹತ್ತಿರದ ನಾರಾಯಣಪುರದ ಹಳೆಯ ಶಿವಾಲಯದ ಗೋಡೆಯ ಮೇಲೆ ಅಷ್ಟೊಂದು ಶಿಲ್ಪಗಳಿವೆ, ಯಾವ ದೊಡ್ಡ ಮನುಷ್ಯನೂ ಸಾರಥಿಯ ಪಕ್ಕ ಕೂತದ್ದನ್ನು ನಾನು ಕಂಡಿಲ್ಲ. ದೊಡ್ಡವರು ಮುಂದೆ ಬಂದದ್ದು ಬಹುಶಃ ಜೀಪು ಬಂದ ಮೇಲೆ, ಹಿಂದಿನ ಸೀಟಿನ ಧೂಳು ತಡೆಯಲಾರದೆ.

ಈ ಇತಿಹಾಸವನ್ನೆಲ್ಲ ಸಸ್ತಾಪುರ ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿ ಹತ್ತುವಷ್ಟರಲ್ಲಿ ಅವರಿಗೆ ಹೇಳಿ ಮುಗಿಸಿದೆ. ಸಾಹೇಬರೆಲ್ಲ ಇಂದಿಗೂ ಹಿಂದೆಯೇ ಕೂಡುತ್ತಾರೆ ಎಂದೂ ಸೇರಿಸಿದೆ.

"ಸಾಹೇಬರಿಗೆ ಡ್ರೈವರ್ ಇರ್ತಾನ. ನನಗ ಹೇಣ್ತಿ ಇದ್ದಾಳ. ನಾ ಹಿಂದ ಕುಂತ್ರ, ಹೇಣ್ತಿಗಿ ಡ್ರೈವರ್ ಮಾಡ್ಯಾನ ಅಂತಾರ ಮಂದಿ," ಎಂದರು.

ಉತ್ತರ ಚೆನ್ನಾಗಿತ್ತು. ಅದೇ ನನ್ನ ಸಂಕಟ. ಅಂದಿನಿಂದ ನಾನು ಗಾಡಿಯ ವೇಗ ಅರ್ಧಕ್ಕೆ ಇಳಿಸಿದೆ. ಎದುರಿಗೆ ಬರುವ ಲಾರಿಗಳಿಗೆಲ್ಲ ಅವಶ್ಯಕತೆಗಿಂತ ಹೆಚ್ಚು ದಾರಿ ಬಿಟ್ಟೆ. ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ ಹೋಗಿ ತಿರುಗಿ ನೋಡಿದರು. ವಾರಕ್ಕೊಮ್ಮೆ ಕಲಬುರಗಿಗೆ ಫೋನು ಮಾಡಿದರೆ ಹುಡುಗಿ "ಬರ್ತದ್ರಿ ಮೇಡಂ" ಎನ್ನುತ್ತಿದ್ದಳು. ಆ ದನಿಯಲ್ಲಿ ಎಂಥ ಭರವಸೆ ಇರುತ್ತಿತ್ತೆಂದರೆ, ಫೋನು ಇಟ್ಟು ಸ್ವಲ್ಪ ಹೊತ್ತಿನವರೆಗೆ ಪಾರ್ಟು ಬಂದೇಬಿಟ್ಟಿದೆ ಎನ್ನಿಸುತ್ತಿತ್ತು. ನನ್ನಂತೆ ಸರದಿಯಲ್ಲಿ ಕಾಯುವವರು ಎಷ್ಟೋ ಜನರಂತೆ. ಬೀದರಿನ ಒಬ್ಬ ಡಾಕ್ಟರು ಕೂಡ ತಮ್ಮ ತಾಯಿಯನ್ನು ಹಿಂದೆ ಕೂಡಿಸಿ ತಿರುಗುತ್ತಿದ್ದಾರೆ ಎಂದು ಆಕೆ ಸಮಾಧಾನ ಹೇಳಿದಳು. ಡಾಕ್ಟರ ತಾಯಿ ಎಷ್ಟು ಒಳ್ಳೆಯವರು ಎಂದುಕೊಂಡೆ.

ಕೊನೆಗೆ ಪರಿಹಾರ ತಾನಾಗಿ ಬಂತು. ಒಂದು ಸಂಜೆ ಅಂಗಡಿಯ ಹಮಾಲ ಮನೆಗೆಂದು ತೂಗಿದ ಅರ್ಧ ಚೀಲ ಜೋಳವನ್ನು, ಕಾರಿನ ಹಿಂದಿನ ಡಿಕ್ಕಿಯಲ್ಲಿ ಶಾಲೆಯ ಸಾಮಾನು ತುಂಬಿದ್ದರಿಂದ, ಮುಂದಿನ ಸೀಟಿನ ಮೇಲಿಟ್ಟು ಹೋಗಿದ್ದ. ನಮ್ಮವರು ಬಂದರು, ಬಾಗಿಲು ತೆಗೆದರು, ಚೀಲ ನೋಡಿದರು. ಕಾಳು ಎಂದರೆ ಅವರಿಗೆ ದೇವರು. ಅಂಗಡಿಯಲ್ಲಿ ದಿನದ ಮೊದಲ ಹಿಡಿ ಕಾಳನ್ನು ಕಣ್ಣಿಗೊತ್ತಿಕೊಳ್ಳದೆ ತಕ್ಕಡಿ ಮುಟ್ಟುವವರಲ್ಲ, ಕಾಳಿನ ಚೀಲದ ಮೇಲೆ ಯಾರಾದರೂ ಕೂತರೆ ಗಿರಾಕಿ ಎಂದೂ ನೋಡದೆ ಎಬ್ಬಿಸುವವರು. ಈಗಲೂ ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಾಗಿಲು ಮೆಲ್ಲಗೆ ಹಾಕಿ, ಹಿಂದೆ ಹೋಗಿ ಕೂತರು. ನನ್ನ ಮಾತಿಗೆ ಸೋತು ಹಿಂದೆ ಹೋಗುವುದು ಬೇರೆ, ಜೋಳಕ್ಕೆ ಜಾಗ ಬಿಡುವುದು ಬೇರೆ. ಎರಡನೆಯದರಲ್ಲಿ ಅವಮಾನವಿಲ್ಲ.

ನಾನು ಆ ಚೀಲ ಇಳಿಸಲೇ ಇಲ್ಲ. ಮರುದಿನ ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಅದು ನನ್ನ ಮೇಲೆ ವಾಲಿದ್ದರಿಂದ ಬೆಲ್ಟು ಬಿಗಿದೆ. ಅವರೂ ಯಾಕೆ ಇಳಿಸಿಲ್ಲ ಎಂದು ಕೇಳಲಿಲ್ಲ. ಕೆಲವು ಜಗಳಗಳನ್ನು ಗಂಡ ಹೆಂಡತಿ ಹೀಗೆ ಮೂರನೆಯವರ ಹೆಗಲಿಗೆ ಹಾಕಿ ಮುಗಿಸುತ್ತಾರೆ.

ಆದರೆ ಊರು ಸುಮ್ಮನಿರಬೇಕಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಗಂಗಮ್ಮ ದುಬಲಗುಂಡಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ಅಂಗಳದಲ್ಲಿ ನಿಂತ ಕಾರಿನೊಳಗೆ ಇಣುಕಿ, ಇದೇನ್ರಿ ಎಂದಳು. ನಾನು ಶಿಕ್ಷಕಿಯಲ್ಲವೇ, ಡಬ್ಬಿ, ಮದ್ದು, ತೇವ, ತಗಡು, ಸರದಿ ಎಲ್ಲವನ್ನೂ ಪಾಠದ ಹಾಗೆ ವಿವರಿಸಿದೆ. ಗಂಗಮ್ಮ ಗಲ್ಲದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

"ಹಂಗಾದ್ರ ಹರಕಿನೇ ಆತಲ್ರಿ," ಎಂದಳು.

"ಹರಕಿ ಅಲ್ಲ ಗಂಗಮ್ಮ, ಏರ್‌ಬ್ಯಾಗು."

"ಸಾವ್ಕಾರ್ರ ಜೀವಕ್ಕ ಗಂಡಾಂತರ ಅದ ಅಂತೀರಿ. ಅವ್ರ ಜಾಗಾಕ್ಕ ಜ್ವಾಳ ಇಟ್ಟೀರಿ. ಗಂಡಾಂತರ ಕಳದ ಮ್ಯಾಲ ಆ ಜ್ವಾಳ ಮನ್ಯಾಗ ರೊಟ್ಟಿ ಮಾಡ್ಕೊಂಡು ತಿಂತೀರೇನು? ದಾಸೋಹಕ್ಕೇ ಕೊಡ್ತೀರಿ. ಇದಕ್ಕ ಹರಕಿ ಅನ್ಲಾರ್ದ ಏನಂತಾರ್ರಿ?"

ದಾಸೋಹದ ಮಾತನ್ನು ನಾನು ಎತ್ತಿಯೇ ಇರಲಿಲ್ಲ, ಅದನ್ನೂ ಆಕೆಯೇ ತೀರ್ಮಾನಿಸಿದ್ದಳು. ಮರುದಿನ ಆಕೆ ಸೆರಗಿನಲ್ಲಿ ಕಟ್ಟಿ ತಂದ ತನ್ನ ಮನೆಯ ಜೋಳ ಒಂದು ಹಿಡಿ ಚೀಲಕ್ಕೆ ಸುರಿದು, ಸೀಟಿಗೆ ಕೈ ಮುಗಿದಳು. ಗಂಗಮ್ಮ ಹಾಕಿದ ಮೇಲೆ ಉಳಿದ ಅಡುಗೆಯವರು ಹಾಕಿದರು. ಅಡುಗೆಯವರು ಹಾಕಿದ ಮೇಲೆ ಮಾರುಕಟ್ಟೆಯ ಹಮಾಲರು ಬಿಟ್ಟಾರೇ? ದಾರಿಯಲ್ಲಿ ಒಬ್ಬ ಹಿರಿಯರಂತೂ ನಮ್ಮ ಕಾರು ನಿಲ್ಲಿಸಿ, ಯಾವ ಮಠದ್ದು ಎಂದು ಕೇಳಿ, ಉತ್ತರಕ್ಕೂ ಕಾಯದೆ ಚೀಲಕ್ಕೆ ವಿಭೂತಿ ಹಚ್ಚಿದರು. ಅರ್ಧ ಚೀಲ ಇದ್ದದ್ದು ತುಂಬುತ್ತ ಬಂದು, ಹಿಂದೆ ಕೂತವರ ಕಣ್ಣಿಗೆ ಎದುರಿನ ರಸ್ತೆಯೇ ಮರೆಯಾಯಿತು. ಇದರಿಂದ ನನ್ನ ಡ್ರೈವಿಂಗ್ ಬಹಳ ಸುಧಾರಿಸಿತು.

ಈ ವ್ಯವಸ್ಥೆಗೆ ನಾವು ಒಗ್ಗಿಹೋಗಿದ್ದಾಗ ಮತ್ತೆ ಹುಡುಗಿಯ ಫೋನು ಬಂತು. ಬೆಳಗಿನ ನಾಷ್ಟಾದ ಹೊತ್ತು. ಪಾರ್ಟು ಬಂತು ಎಂದುಕೊಂಡು ಅವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಮೇಡಂ, ನಿಮ್ಮ ಗಾಡಿದು ಡ್ರೈವರ್ ಬಾಜೂ ಏರ್‌ಬ್ಯಾಗ್ ಭೀ ಬದಲಿ ಮಾಡಬೇಕಂತ್ರಿ. ಅದರ ಪಾರ್ಟ್ ಭೀ ಇನ್ನಾ ಬಂದಿಲ್ರಿ."

ನನಗೆ ನಗು ಬಂತು. ಎಡಕ್ಕೆ ಜೋಳ ಕೂಡಿಸಿದ್ದಾಯಿತು, ಬಲಕ್ಕೆ ಇನ್ನು ತೊಗರಿಯನ್ನು ಕೂಡಿಸಿ ಅದರ ಕೈಗೆ ಸ್ಟೇರಿಂಗ್ ಕೊಡಬೇಕಷ್ಟೆ ಎಂದೆ. ಅವರು ನಗಲಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಎದ್ದು ಕೈ ತೊಳೆದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಕಾರಿನ ಕೀಲಿ ತೆಗೆದು ತಮ್ಮ ಅಂಗಿಯ ಒಳಜೇಬಿಗೆ ಹಾಕಿಕೊಂಡರು.

"ಕೀಲಿ ಕೊಡ್ರಿ, ಸಾಲಿಗಿ ಹೊತ್ತಾಗ್ತದ."

"ಬಸ್ಸಿಗಿ ಹೋಗೋಣ."

"ನಮ್ಮ ಬಿಸಿಲಿಗೆ ತಂಪು ಎಲ್ಲಿಂದ ಬರ್ತದ ಅಂದಿದ್ರಿ?"

ಅವರು ನನ್ನ ಫೋನು ಇಸಿದುಕೊಂಡು ತಾವೇ ಕಲಬುರಗಿಗೆ ಹಚ್ಚಿ, ತೊಗರಿಯ ಹರಾಜಿನಲ್ಲಿ ಕೂಗುವ ದನಿಯಲ್ಲಿ ಆ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡರು. ಸೀಟಿನ ಮುಂದೆ ಬಾಂಬು ಇಟ್ಟು ಹೆಣ್ಣುಮಗಳಿಗೆ ಗಾಡಿ ನಡೆಸು ಅಂತೀರೇನು ಎಂದರು. ಅಷ್ಟು ತಿಂಗಳು ಅವರ ಬಾಯಲ್ಲಿ ಅದು ಬಲೂನಾಗಿತ್ತು. ಆಕೆ ಎಲ್ಲ ಕೇಳಿಸಿಕೊಂಡು "ಬರ್ತದ್ರಿ ಸರ್" ಎಂದಳು.

ಜೋಳವನ್ನು ಅದೇ ದಿನ ಪಕ್ಕದ ಮನೆಯವರ ಟಂಟಂ ಆಟೋದಲ್ಲಿ ಮಠದ ದಾಸೋಹಕ್ಕೆ ಕಳಿಸಿದೆವು. ಇಷ್ಟು ಮಂದಿಯ ಹಿಡಿ ಬಿದ್ದ ಮೇಲೆ ಅದು ನಮ್ಮದಾಗಿ ಉಳಿದಿರಲಿಲ್ಲ. ಕಾರು ಮನೆಯ ಮುಂದೆ ಹೊದಿಕೆ ಹೊದ್ದು ಮಲಗಿದೆ. ನಾವು ಬಸ್ಸಿಗೆ ಹೋಗಿ ಬರುತ್ತಿದ್ದೇವೆ.

ಬಸ್ಸಿನ ಮೊದಲ ದಿನದ್ದು ಮಾತ್ರ ಹೇಳಿ ಮುಗಿಸುತ್ತೇನೆ. ಬಸವಕಲ್ಯಾಣದ ನಿಲ್ದಾಣಕ್ಕೆ ಹುಮನಾಬಾದಿನ ಗಾಡಿ ಬರುತ್ತಲೇ ಮಂದಿ ಬಾಗಿಲಿಗೆ ಮುಗಿಬಿದ್ದರು. ನಾನು ಹಿಂದೆ ಸರಿದು ನಿಂತೆ. ನೋಡುತ್ತೇನೆ, ಮಾರುಕಟ್ಟೆಯಲ್ಲಿ ಮಂದಿ ಎದ್ದು ನಿಂತು ನಮಸ್ಕಾರ ಮಾಡುವಂಥ ನಮ್ಮವರು, ಇಸ್ತ್ರಿ ಮಾಡಿದ ಧೋತರದ ಚುಂಗು ಒಂದು ಕೈಯಲ್ಲಿ ಹಿಡಿದು, ಇನ್ನೂ ಚಲಿಸುತ್ತಿದ್ದ ಬಸ್ಸಿನ ಪಕ್ಕ ಓಡುತ್ತಿದ್ದಾರೆ! ಓಡುತ್ತಲೇ ಕಿಟಕಿಯೊಳಗೆ ತಮ್ಮ ಕರವಸ್ತ್ರ ಎಸೆದು ಸೀಟು ಹಿಡಿದರು. ಕಾಲೇಜಿನ ಹುಡುಗರು ಸಿಳ್ಳೆ ಹಾಕಿದರು. ಆಮೇಲೆ ನನ್ನನ್ನು ಕಿಟಕಿಯ ಹತ್ತಿರ ಕೂಡಿಸಿ, ಪಕ್ಕದ ಜಾಗವನ್ನು ನಿರ್ಣಾದ ಕಡೆಯ ಒಬ್ಬ ಮುದುಕಿಗೆ ಬಿಟ್ಟುಕೊಟ್ಟು, ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತರು.

ನನಗೆ ಕೆಣಕದೆ ಇರಲಾಗಲಿಲ್ಲ. "ಗಂಡಾಂತರ ನಿಮ್ಮ ಬಾಜೂಕ ಇದ್ದಾಗ ನಕ್ಕೋತ ಕುಂತಿದ್ರಿ. ನನ್ನ ಬಾಜೂಕ ಬಂದ ಕೂಡ್ಲೇ ಇಷ್ಟ್ಯಾಕ ಹೆದರಿದ್ರಿ?" ಎಂದೆ.

ಅವರು ಕಿಟಕಿಯಾಚೆಗೆ, ಯಾರದೋ ಹೊಲದ ಕಡೆ ನೋಡುತ್ತ, ಬಸ್ಸಿನ ಸದ್ದಿನಲ್ಲಿ ನನಗಷ್ಟೇ ಕೇಳುವ ಹಾಗೆ ಹೇಳಿದರು:

"ನನಗ ಏನರೆ ಆದ್ರ ನೀ ಹ್ಯಾಂಗರ ನಡಸ್ಕೊಂಡು ಹೋಗ್ತಿ. ನಿನಗ ಏನರೆ ಆದ್ರ ನಾ ಯಾರ ಬಾಜೂಕ ಕೂಡ್ಲಿ?"

ಸೀಟು ಹಿಡಿದಿದ್ದ ಕರವಸ್ತ್ರ ಇನ್ನೂ ನನ್ನ ಕೈಯಲ್ಲೇ ಇತ್ತು, ಬೆವರು ಒರೆಸಿಕೊಳ್ಳಲೆಂದು ಅವರಿಗೆ ಚಾಚಿದೆ. ಮುದುಕಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಏನು ತಿಳಿದಳೋ, ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ತಾನು ಹೊರ ಅಂಚಿಗೆ ಸರಿದು, "ಸರಕೋರಿ ಯವ್ವಾ, ಮೂರು ಮಂದಿ ಹಿಡಿತೀವಿ," ಎಂದಳು. ನಾನು ಕಿಟಕಿಗೆ ಅಂಟಿಕೊಂಡು ಸರಿದು ನನ್ನ ಪಕ್ಕದಲ್ಲಿ ಅವರಿಗೆ ಜಾಗ ಮಾಡಿದೆ.