ಯತ್ತಪ್ಪನ ಚಿಲ್ಲರೆ ಇಂಗ್ಲಿಷು

ಮಧುಗಿರಿಯಿಂದ ಪುರವರದ ಮೇಲೆ ಕೊಡಿಗೇನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಯತ್ತಪ್ಪ ಒಂಬತ್ತು ವರ್ಷದಿಂದ ಕಂಡಕ್ಟರಾಗಿದ್ದ. ದಿನಕ್ಕೆ ನಾನೂರು ಜನ ಅವನ ಜೊತೆ ಮಾತಾಡುತ್ತಿದ್ದರು. ನಾನೂರು ಜನವೂ ಆಡುತ್ತಿದ್ದುದು ಇಳಿಯುವ ಊರಿನ ಹೆಸರನ್ನು. ಅವನು ಆಡುತ್ತಿದ್ದುದು ‘ಹೋಲ್ಡಾನ್’, ‘ರೈಟ್’ ಎಂಬ ಎರಡೇ ಮಾತು. ಮದುವೆಯಾದ ವರ್ಷವೇ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಪಾವಗಡದ ಕಡೆಯ ಹಟ್ಟಿಯನ್ನೂ ಕುರಿಗಳನ್ನೂ ಅಣ್ಣಂದಿರಿಗೆ ಬಿಟ್ಟು ಬಂದವನು. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಕೋಣೆ. ಅದರೊಳಗೆ ಬಾಯಿ ತೆರೆಯುವ ಪ್ರಮೇಯ ಬರುತ್ತಿದ್ದುದು ಊಟಕ್ಕೆ ಮಾತ್ರ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದು ಉಳಿದುಹೋಗಿತ್ತು. ಮೂರು ಸಲ ಕಟ್ಟಿ, ಮೂರು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗಿದ್ದ. ಅದು ಪಾಸಾದರೆ ಸರ್ಕಾರಿ ಬಸ್ಸಿಗೆ ಅರ್ಜಿ ಹಾಕಬಹುದಿತ್ತು. ಅರ್ಜಿಯ ವಯಸ್ಸು ಮೀರಲು ಇನ್ನೆರಡೇ ವರ್ಷ ಬಾಕಿ.

ಎಪ್ಪತ್ತೊಂಬತ್ತರ ಜೂನಿನಲ್ಲಿ ಪುರವರದ ಸ್ಕೂಲಿಗೆ ಮಹಾಲಕ್ಷ್ಮಮ್ಮ ಎಂಬ ಇಂಗ್ಲಿಷ್ ಟೀಚರು ವರ್ಗವಾಗಿ ಬಂದರು. ನಲವತ್ತರ ಹತ್ತಿರದ ವಯಸ್ಸು, ಮಧುಗಿರಿಯಲ್ಲಿ ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲವೆಂದು ಕೇಳುವ ಎದೆಗಾರಿಕೆ ಇಡೀ ಊರಿನಲ್ಲಿ ಯಾರಿಗೂ ಇರಲಿಲ್ಲ. ದಿನಾ ಎಂಟೂವರೆ ಬಸ್ಸು, ಮುಂದಿನ ಸೀಟು. ಮೂರನೆಯ ವಾರ ಯತ್ತಪ್ಪ ಧೈರ್ಯ ಮಾಡಿದ.

“ಟೀಚರಮ್ಮ, ರೈಟ್ ಅಂದ್ರೆ ಏನು?”

“ದಿನಾ ಕೂಗೋರು ನೀವೇ ಅಲ್ವಾ?”

“ನಾನ್ ಕೂಗಿದ್ದು ಡ್ರೈವರಣ್ಣಂಗೆ ಅರ್ಥಾಯ್ತದೆ. ನಂಗಾಗಕಿಲ್ಲ.”

ಆಕೆ ನಕ್ಕರು. ಆ ಬಸ್ಸಿನಲ್ಲಿ ಆಕೆ ನಕ್ಕಿದ್ದು ಅದೇ ಮೊದಲು.

ಪಾಠ ಶುರುವಾಯಿತು. ರೈಟ್‌ಗಿರುವ ಅರ್ಥಗಳಲ್ಲಿ ‘ಸರಿ’ ಅನ್ನುವುದೊಂದೇ ಮೂರು ದಿನ ಹಿಡಿಯಿತು. “ಲೆಕ್ಕ ಸರಿ ಇದ್ರೆ ಕರೆಕ್ಟ್ ಅಂದ್ರೂ ನಡೀತದೆ. ನಡತೆಗೆ ಮಾತ್ರ ರೈಟ್ ಅಂತಲೇ ಅನ್ಬೇಕು,” ಎಂದು ಆಕೆ ಬಿಡಿಸಿ ಹೇಳಿದರು. ಬಲಗಡೆ ಎಂಬುದು ಸುಲಭ, ಅದಕ್ಕೆ ಬದಲಿ ಪದವಿಲ್ಲ. ಹಕ್ಕು ಎಂದಾಗ ಕ್ಲೇಮ್ ಹತ್ತಿರ ಬರುತ್ತದೆ, ಆದರೆ ಕ್ಲೇಮು ಕೇಳುವುದು, ರೈಟು ಇರುವುದು. ‘ರೈಟ್ ನೌ’ ಎಂದರೆ ಈಗಿಂದೀಗ. ‘ಸರ್ವ್ಸ್ ಯು ರೈಟ್’ಗೆ ಮಾಡಿದ್ದುಣ್ಣೋ ಮಹರಾಯ ಎಂದು ಹೇಳಿ, ಹಿಂದಿನ ಸೀಟಿನ ಅಜ್ಜಿಯೂ ತಲೆದೂಗುವಂತೆ ಮಾಡಿದರು. ಯತ್ತಪ್ಪ ಎಲ್ಲವನ್ನೂ ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡ.

ನಿಜ ಹೇಳಬೇಕೆಂದರೆ ಅವನ ಟ್ರಂಕಿನಲ್ಲಿ ಒಂದು ಡಿಕ್ಷನರಿ ಇತ್ತು. ಶಿರಾ ಸಂತೆಯಲ್ಲಿ ಸಾಬರೊಬ್ಬರ ಹಳೇ ಪುಸ್ತಕದ ರಾಶಿಯಿಂದ ತಂದದ್ದು. ಈ ಅರ್ಥಗಳೆಲ್ಲ ಅದರ ಒಂದೇ ಪುಟದಲ್ಲಿ ಸಗಟಾಗಿ ಬಿದ್ದಿದ್ದವು. ಒಂದು ಭಾನುವಾರ ಕೂತು ಬಾಯಿಪಾಠವನ್ನೂ ಮಾಡಿದ್ದ. ಮನೆಯಲ್ಲಿ ಮೂಟೆ ಇಟ್ಟುಕೊಂಡು ಹೊರಗೆ ಚಟಾಕು ಚಟಾಕಾಗಿ ಕೊಳ್ಳುವ ಗಿರಾಕಿ ಎಲ್ಲ ಅಂಗಡಿಗೂ ಒಬ್ಬನಿರುತ್ತಾನೆ. ಅವನಿಗೆ ಬೇಕಾದದ್ದು ಸರಕಲ್ಲ.

“ಏನ್ಲಾ ಯತ್ತ, ಒಂದ್ ರೈಟ್‌ಗೆ ಎಲ್ಡ್ ತಿಂಗ್ಳು,” ಎಂದ ಡ್ರೈವರ್ ಗಂಗಹನುಮಯ್ಯ. “ನಾನು ಗಾಡಿ ಓಡ್ಸೋದನ್ನೇ ಒಂದ್ ವಾರಕ್ಕೆ ಕಲ್ತ್‌ಬುಟ್ಟೆ.”

“ಅದುಕ್ಕೇ ರಸ್ತೇಲಿರೋ ಹೊಂಡ ಎಲ್ಲಾ ನಿನ್ ಚಕ್ರುಕ್ಕೇ ಬೀಳೋದು.”

ಅಕ್ಟೋಬರ್ ಪರೀಕ್ಷೆಗೆ ಫೀಸು ಕಟ್ಟಲು ಆಗಸ್ಟ್ ಕೊನೆ ಗಡುವು. ಟೀಚರು ಎರಡು ಸಲ ಕೇಳಿದರು. ಎರಡು ಸಲವೂ ಯತ್ತಪ್ಪ “ಆಯ್ತು” ಎಂದ. ಆಗಿರಲಿಲ್ಲ. ಪಾಸಾದರೆ ಸರ್ಕಾರಿ ಬಸ್ಸಿನವರು ಯಾವ ಮೂಲೆಗೆ ಒಗೆಯುತ್ತಾರೋ. ಆ ಮೂಲೆಯ ಬಸ್ಸಿನ ಮುಂದಿನ ಸೀಟಿನಲ್ಲಿ ಯಾರೋ ಕಡಲೆಕಾಯಿ ಮೂಟೆ ಇಟ್ಟುಕೊಂಡು ಕೂತಿರುತ್ತಾರೆ. ಫೀಸಿಗೆಂದು ತೆಗೆದಿಟ್ಟ ನೋಟು ಗಡುವು ಕಳೆದ ಮೇಲೂ ಅಂಗಿಯ ಒಳಜೇಬಿನಲ್ಲೇ ಇತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಧುಗಿರಿ ಹೈಸ್ಕೂಲಿನ ಗುಮಾಸ್ತ ಬೋರಯ್ಯ ಬಸ್ಸು ಹತ್ತಿದ.

“ಏನಯ್ಯ ಯತ್ತಪ್ಪ, ಫಾರಂ ಇಸ್ಕೊಂಡ್ ಹೋಗಿದ್ದೇ ಬಂತು. ಕೊನೇ ದಿನ ಸಂಜೆಗಂಟ ನಿಂಗೋಸ್ಕರ ಕೌಂಟ್ರು ತೆರ್ಕೊಂಡು ಕುಂತಿದ್ದೆ ಕಣಯ್ಯ.”

ಮುಂದಿನ ಸೀಟಿನಲ್ಲಿ ಮಹಾಲಕ್ಷ್ಮಮ್ಮ ಕಿಟಕಿಯ ಕಡೆ ತಿರುಗಿದರು. ಪುರವರದವರೆಗೂ ತಿರುಗಿಯೇ ಇದ್ದರು. ಇಳಿದು ನೆಲದ ಮೇಲೆ ನಿಂತು ಕೇಳಿದರು: “ಯಾಕೆ ಕಟ್ಟಲಿಲ್ಲ?”

“ಮರ್ತ್‌ಬುಟ್ಟೆ, ಟೀಚರಮ್ಮ.”

“ಯಾರು ಎಲ್ಲಿ ಇಳೀಬೇಕು ಅಂತ ಅವರಿಗಿಂತ ಚೆನ್ನಾಗಿ ನಿಮಗೆ ನೆನಪಿರ್ತದೆ. ನೀವು ಮರೆಯೋರಲ್ಲ.”

ಯತ್ತಪ್ಪ ಬಾಗಿಲ ಸರಳು ಹಿಡಿದು ತನ್ನ ಚಪ್ಪಲಿ ನೋಡಿಕೊಂಡ. 

ಆಕೆಯ ದನಿ ಏರಲಿಲ್ಲ. “ನನಗೂ ಮನೇಲಿ ಮಾತಾಡೋರು ಯಾರೂ ಇಲ್ಲ, ಯತ್ತಪ್ಪನೋರೆ. ಹಾಗಂತ ಮಕ್ಕಳನ್ನ ಫೇಲ್ ಮಾಡಿ ನನ್ನ ಕ್ಲಾಸಿನಲ್ಲೇ ಕೂರಿಸ್ಕೊಳ್ಳಲ್ಲ.”

ಆಕೆ ಸ್ಕೂಲಿನ ದಾರಿ ಹಿಡಿದರು. ಗಂಗಹನುಮಯ್ಯ ಕನ್ನಡಿಯಲ್ಲಿ ಹಿಂದೆ ನೋಡಿ, ಕೂಗಿಗೆ ಕಾಯದೆ ತಾನೇ ಗೇರು ಹಾಕಿದ. ಅಂದು ಒಂದು ತಮಾಷೆಯನ್ನೂ ಆಡಲಿಲ್ಲ.

ಮಾರನೆಯ ದಿನದಿಂದ ಟೀಚರು ಇನ್ನೊಂದು ಕಂಪನಿಯ ಎಂಟೂಕಾಲಿನ ಬಸ್ಸಿಗೆ ಹೋಗತೊಡಗಿದರು. ಯತ್ತಪ್ಪ ಒಂದು ವಾರ ಮುಂದಿನ ಸೀಟಿನ ಮೇಲೆ ಟವೆಲ್ ಹಾಕಿ ಹಿಡಿದಿಟ್ಟ. ಎಂಟನೆಯ ದಿನ ಒಬ್ಬ ಮುದುಕ ಟವೆಲ್ ಸರಿಸಿ ಕೂತ, ಯತ್ತಪ್ಪ ಬೇಡವೆನ್ನಲಿಲ್ಲ.

ಏಪ್ರಿಲ್ ಪರೀಕ್ಷೆಗೆ ಮೊದಲ ದಿನವೇ ಫೀಸು ಕಟ್ಟಿದ. ನಲವತ್ತೊಂದು ನಂಬರು ಬಂದು ಪಾಸಾದ. ಮಾರ್ಕ್ಸ್ ಕಾರ್ಡು ಮಡಿಸಿಕೊಂಡು ಎಂಟೂಕಾಲು ಬಸ್ಸಿನ ಕಂಡಕ್ಟರನ್ನು ವಿಚಾರಿಸಿದರೆ, ಟೀಚರಿಗೆ ಕೊರಟಗೆರೆ ಕಡೆಗೆ ವರ್ಗವಾಗಿ ಹದಿನೈದು ದಿನವಾಗಿತ್ತು.

ಮರುವರ್ಷ ಸರ್ಕಾರಿ ಬಸ್ಸಿನ ಕೆಲಸ ಸಿಕ್ಕಿತು. ಡಿಪೋದ ಸಾಹೇಬರು ಪಟ್ಟಿ ಮುಂದಿಟ್ಟುಕೊಂಡು, “ಕೊರಟಗೆರೆ ತೋವಿನಕೆರೆ ರೂಟು ಖಾಲಿ ಇದೆ. ಪಾವಗಡನೂ ಇದೆ. ಯಾವುದಯ್ಯ?” ಎಂದರು. ಪಾವಗಡದ ಧೂಳಿಗೆ ಹೋಗುತ್ತೇನೆಂದು ಬಾಯಿಬಿಟ್ಟು ಕೇಳಿದವರು ಆವರೆಗೆ ಯಾರೂ ಇರಲಿಲ್ಲ.

ಯತ್ತಪ್ಪ ಪಟ್ಟಿಯನ್ನೇ ನೋಡಿದ. ಕೊರಟಗೆರೆ ಎಂದರೆ ನಾಳೆಯೋ ನಾಡಿದ್ದೋ ಆಕೆ ಬಸ್ಸು ಹತ್ತುತ್ತಾರೆ. ಉತ್ತರ ಗೊತ್ತಿರುವ ಇನ್ನೊಂದು ಪ್ರಶ್ನೆಯನ್ನು ತಾನು ಕೇಳಿಯೇ ತೀರುತ್ತೇನೆ ಅನ್ನಿಸಿತು.

“ಪಾವಗಡ ಬರ್ಕೊಳಿ, ಸಾ.”

“ನಿಮ್ಮೋರು ಯಾರಾದ್ರೂ ಇದಾರೇನಯ್ಯ ಅಲ್ಲಿ?”

“ಅವ್ರೆ, ಸಾ,” ಎಂದ. ಅಣ್ಣಂದಿರು ಇದ್ದದ್ದು ನಿಜ. ಅವರ ಜೊತೆ ಮಾತಾಡಿ ನಾಲ್ಕು ವರ್ಷವಾಗಿತ್ತು.